ಬಲಗಾಲು ತುಳಿದಾಗ ಬರುವ ಟಿಕ್ ಸದ್ದಿನವರಿಗೆ

ನನ್ನ ಸೈಕಲ್ಲಿನಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದ್ದ ಶ್ರೀ ಟಿಕ್ ಅವರ ಸನ್ನಿಧಿಗೆ,

ಮಾನ್ಯರೇ,

ಮೂವತ್ತೊಂದು ವರ್ಷಗಳಿಂದ ಗಡಿಯಾರ ರಿಪೇರಿ ಮಾಡಿಕೊಂಡು, ಗೋಡೆಯಾಚೆಯ ಗಡಿಯಾರ ದಿನಕ್ಕೆ ಎಷ್ಟು ನಿಮಿಷ ಹಿಂದೆ ಬೀಳುತ್ತದೆಂದು ಕಿವಿಯಿಂದಲೇ ಹೇಳುತ್ತಿದ್ದ ನನ್ನಂಥವನ ಸೈಕಲ್ಲನ್ನೇ ಹುಡುಕಿಕೊಂಡು ಬಂದು, ಬಲಗಾಲು ತುಳಿದಾಗಲೆಲ್ಲ ಒಂದು ಟಿಕ್, ಎಡಗಾಲಿಗೆ ಪೂರ್ಣ ಮೌನ ಎಂಬ ಶಿಸ್ತನ್ನು ಹನ್ನೊಂದು ವಾರ ಪಾಲಿಸಿದ ತಮ್ಮ ಸಮಯಪ್ರಜ್ಞೆಗೆ ಮೊದಲು ನನ್ನ ಅಭಿನಂದನೆಗಳು. ನಾನು ರಿಪೇರಿ ಮಾಡಿಕೊಟ್ಟ ಎಷ್ಟೋ ಗಡಿಯಾರಗಳಿಗೆ ಈ ನಿಷ್ಠೆ ಬಂದಿಲ್ಲ.

ತಮ್ಮ ದರ್ಶನಕ್ಕಾಗಿ ನಾನು ಪಟ್ಟ ಪಾಡನ್ನು ತಾವು ಬಲ್ಲಿರಿ. ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗು ನಿಲ್ಲಿಸಿ, ಕೊರಳಲ್ಲಿ ದಾರಕ್ಕೆ ಸದಾ ತೂಗುವ ಪುಟ್ಟ ಭೂತಗನ್ನಡಿಯನ್ನು ಕಣ್ಣಿಗೇರಿಸಿಕೊಂಡು, ಒಂದೊಂದೇ ಕಡ್ಡಿಯನ್ನು ನೋಡುತ್ತ ಪೆಡಲು ತಿರುಗಿಸಿದರೆ ತಾವು ನಾಪತ್ತೆ. ಕನ್ನಡಿ ಇಳಿಸಿ ಸವಾರಿ ಹೊರಟರೆ ಹತ್ತು ಹೆಜ್ಜೆಯೊಳಗೆ ಹಾಜರು. ಊರವರೆಲ್ಲ ಕಡ್ಡಿ ತಾತ ಎಂದು ಕರೆಯುವ ಸೈಕಲ್ ಶಾಪಿನ ಹಿರಿಯರು ಚೈನು ಬದಲಿಸಿದರು, ಪೆಡಲು ಬದಲಿಸಿದರು, ಬೆಲ್ಲನ್ನೂ ಬಿಚ್ಚಿಟ್ಟರು, ಕೊನೆಗೆ ಅವರೇ ಹತ್ತಿ ಬೀದಿಯುದ್ದಕ್ಕೂ ಹೋಗಿ ಬಂದು, "ಇದು ಬೆಣ್ಣೆ ಥರ ಹೋಗುತ್ತಪ್ಪ, ನಿನ್ನ ತಲೆಯೊಳಗೇ ಏನೋ ಸಡಿಲ ಆಗಿರ್ಬೇಕು" ಎಂದು ಸ್ಪ್ಯಾನರ್ ಒರೆಸಿಟ್ಟರು.

ಅಲ್ಲಿಗೆ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಅಂಗಡಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂತು ಗಡಿಯಾರಗಳಿಗೆ ಬ್ಯಾಟರಿ ಹಾಕಿಕೊಡುವ ನನ್ನ ಭಾವಮೈದುನನೂ ಸೈಕಲ್ ಹತ್ತಿ ಇಳಿದು, "ಭಾವ, ಕಿವಿ ಕೈಕೊಟ್ಟ ಮೇಲೆ ಈ ಕೆಲಸ ಯಾಕೆ, ಸುಮ್ನೆ ಮನೇಲಿ ಆರಾಮಾಗಿರಿ" ಎಂದು ಬಹಳ ಮೆತ್ತಗೆ ಹೇಳಿದ. ನನ್ನ ಮೇಜಿನ ಜಾಗದಲ್ಲಿ ಮೊಬೈಲ್ ಕವರುಗಳ ಸ್ಟ್ಯಾಂಡು ನಿಲ್ಲಿಸಬೇಕೆಂದು ಅವನು ಟೇಪು ಹಿಡಿದು ಅಳತೆಯನ್ನೂ ತೆಗೆದುಕೊಂಡಿದ್ದ. ರೋಷಕ್ಕೆ ಬಿದ್ದ ನಾನು, ಭಾನುವಾರದೊಳಗೆ ಈ ಸದ್ದು ಹಿಡಿಯದಿದ್ದರೆ ಮೇಜು ನಿನ್ನದೇ ಎಂದುಬಿಟ್ಟೆ. ಆ ರಾತ್ರಿಯಿಂದ ನಿಜಕ್ಕೂ ಹೆದರಿಕೆಯಾಯಿತು. ಇಲ್ಲದ ಸದ್ದು ಕೇಳುವ ಕಿವಿಗೆ ಇರುವ ಸದ್ದು ಕೇಳದೆ ಹೋಗುವ ದಿನ ದೂರವಿಲ್ಲ ಎನ್ನಿಸಿತು.

ಆಗ ತಾವು ಮಾಡಿದ ಒಂದೇ ಒಂದು ತಪ್ಪಿನ ವಿಚಾರಕ್ಕೆ ಬರುತ್ತೇನೆ. ಗುರುವಾರ ಹೊಲಿಗೆ ಅಂಗಡಿಗೆ ಹೊತ್ತಾಯಿತೆಂದು ನನ್ನ ಮನೆಯಾಕೆ ಹಿಂದಿನ ಕ್ಯಾರಿಯರ್ ಮೇಲೆ ಕೂತು, ಬೀಳದಂತೆ ನನ್ನ ಎದೆಯನ್ನು ಬಳಸಿ ಹಿಡಿದುಕೊಂಡಳು ನೋಡಿ, ದಾರಿಯುದ್ದಕ್ಕೂ ತಮ್ಮ ಉಸಿರಿಲ್ಲ. ಅವಳು ಇಳಿದಳು, ತಾವು ಹತ್ತಿದಿರಿ. ಭಾರವೇ ಮದ್ದೆಂದು ತಿಳಿದು, ಆಕೆಯ ತೂಕವನ್ನು ಅಂದಾಜು ಮಾಡಿ ಎರಡು ಚೀಲ ಮರಳು ಕಟ್ಟಿಕೊಂಡು ಹೊರಟರೆ ತಮ್ಮ ಉತ್ಸಾಹ ಇಮ್ಮಡಿಯಾಯಿತು. (ಎರಡು ಚೀಲದ ಅಂದಾಜಿನ ಬಗ್ಗೆ ಮನೆಯಲ್ಲಿ ಪ್ರತ್ಯೇಕ ವಿಚಾರಣೆ ನಡೆದಿದೆ.) ಹಾಗಾದರೆ ತಾವೂ ನನ್ನ ಹಾಗೆ ಅವಳಿಗೆ ಹೆದರುವವರೇ ಎಂದು ನನಗೆ ತಮ್ಮ ಮೇಲೆ ಮೊದಲ ಬಾರಿಗೆ ಅಕ್ಕರೆ ಹುಟ್ಟಿತು.

ಶನಿವಾರ ಆಕೆಯನ್ನು ಮತ್ತೆ ಕೂರಿಸಿಕೊಂಡು ಬೀದಿ ಸುತ್ತಿದೆ. ಮೂರನೆಯ ಸುತ್ತಿಗೆ, "ರೀ, ಅಂಗೈಗೆ ಏನೋ ಒತ್ತುತ್ತಾ ಇದೆ" ಎಂದು ಕೈ ತೆಗೆದಳು, ಟಿಕ್. ಕೈ ಇಟ್ಟಳು, ಮೌನ. ಮತ್ತೆ ತೆಗೆದಳು. "ಬಲಗಾಲು ತುಳಿದು ವಾಲಿದಾಗೆಲ್ಲ ನಿಮ್ಮ ಭೂತಗನ್ನಡಿ ಜೇಬಿನ ಪೆನ್ನಿಗೆ ಬಡೀತಾ ಇದೆ ಕಣ್ರೀ" ಎಂದಳು. ಹುಡುಕಲೆಂದು ನಾನು ಕಣ್ಣಿಗೇರಿಸುತ್ತಿದ್ದ ಕನ್ನಡಿಯೇ ತಾವು, ಸ್ವಾಮಿ. ಹನ್ನೊಂದು ವಾರ ಕೇಳಿದ್ದು ನಿಜವಾದ ಸದ್ದು, ನನ್ನ ಕಿವಿ ನೆಟ್ಟಗಿದೆ, ಮೇಜು ನನ್ನದೇ ಎಂಬ ಸಂತೋಷದಲ್ಲಿ ನಾನು ಎರಡೂ ಕೈ ಬಿಟ್ಟಿದ್ದರಿಂದ ಸೈಕಲ್ಲು, ನಾನು, ಆಕೆ ಮೂವರೂ ಪಕ್ಕದ ಮನೆಯ ಬೇಲಿಗೆ ಒರಗಿದೆವು. ಆಕೆ ನಕ್ಕ ನಗೆ ಬೀದಿಯ ಕೊನೆಯವರೆಗೂ ಕೇಳಿಸಿತಂತೆ.

ಆದಕಾರಣ ತಮ್ಮಲ್ಲಿ ವಿನಂತಿಸುವುದೇನೆಂದರೆ, ಸೋಮವಾರ ಹತ್ತು ಗಂಟೆಗೆ ಸರಿಯಾಗಿ ಅಂಗಡಿಗೆ ದಯಮಾಡಿಸಿ ನನ್ನ ಭಾವಮೈದುನನ ಬಲಗಿವಿಯ ಬಳಿ ಮೂರು ಬಾರಿ ಸಾಕ್ಷಿ ನುಡಿಯಬೇಕು, ಕಡ್ಡಿ ತಾತನವರ ಮುಂದೆ ನನ್ನ ತಲೆಯೊಳಗೆ ಏನೂ ಸಡಿಲವಿಲ್ಲವೆಂದು ಲಿಖಿತವಾಗಿ ಒಪ್ಪಿಕೊಳ್ಳಬೇಕು. ಸದ್ಯ ಪೆನ್ನು ನನ್ನ ಕೈಯಲ್ಲಿರುವುದರಿಂದ ತಾವು ಉತ್ತರಿಸಲಾರಿರಿ ಎಂಬುದು ಗೊತ್ತು.

ಇಂತಿ,
ಕೊರಳಲ್ಲಿ ತಮ್ಮನ್ನು ಹೊತ್ತು ತಿರುಗಿದ
ತಮ್ಮ ವಿಶ್ವಾಸಿ

ತಾಜಾಕಲಂ: ತಮ್ಮನ್ನು ಅದುಮಿಡುವ ನೆಪದಲ್ಲಿ ಮನೆಯಾಕೆ ಇನ್ನು ದಿನವೂ ಕ್ಯಾರಿಯರ್ ಏರುವುದಾಗಿ ಹೇಳಿದ್ದಾಳೆ, ಕನ್ನಡಿಯನ್ನು ಪೆಟ್ಟಿಗೆಯಲ್ಲಿಟ್ಟು ಬರಬಹುದಲ್ಲ ಎಂದು ಅವಳೂ ಹೇಳಿಲ್ಲ, ನಾನೂ ಹೇಳಿಲ್ಲ. ಆದರೆ ನಿನ್ನೆಯಿಂದ ಏರು ಬಂದಾಗ ಕಿರ್ರ್ ಎಂಬ ಹೊಸಬರೊಬ್ಬರು ಕೇಳಿಸುತ್ತಿದ್ದಾರೆ. ಅವರು ತಮ್ಮ ಬಂಧುಗಳಾಗಿದ್ದರೆ ದಯವಿಟ್ಟು ಇಳಿದು ಹೋಗಲು ಹೇಳಿ. ನನ್ನ ಮಂಡಿಯಾಗಿದ್ದರೆ, ಭಾವಮೈದುನನಿಗೆ ಮಾತ್ರ ಹೇಳಬೇಡಿ, ಟೇಪು ಇನ್ನೂ ಅವನ ಜೇಬಿನಲ್ಲೇ ಇದೆ.