ಬಿಸಿಲೂರಿನಲ್ಲಿ ನಡುಗಿದ ಕಾರು

ತಾಪತ್ರಯ ಶುರುವಾದದ್ದು ಒಂದು ಒಳ್ಳೆಯ ಮಾತಿನಿಂದ.

ಹಿಂದಿನ ಸಂಜೆ ಡುಗ್ಬೆ ಮಾರುಕಟ್ಟೆಯ ತಿರುವಿನಲ್ಲಿ ಸಿನಿಮಾ ತೆಗೆಯುವ ಕೊಲಾಪೊ ಎಂಬವನು ಮುದುಕ ಲಾಮಿಡಿಯ ಕಾರಿಗೆ ಅಡ್ಡ ನಿಂತು, ಎರಡೂ ಕೈಯೆತ್ತಿ, "ಬಾಬಾ, ನನ್ನ ಚಿತ್ರಕ್ಕೆ ಈ ಗಾಡಿಯೇ ಬೇಕು. ನಾಳೆ ಮಧ್ಯಾಹ್ನ ನಿಮ್ಮ ಬೀದಿಗೇ ಬರ್ತೀನಿ. ಏನೂ ಮಾಡ್ಬೇಡಿ, ಹೇಗಿದೆಯೋ ಹಾಗೇ ಇರ್ಲಿ," ಎಂದಿದ್ದ.

ಇಬಾದಾನಿನಲ್ಲಿ ಹುಟ್ಟಿ ಬೆಳೆದವರಿಗೆ ಈ ಮಾತಿನ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಮನೆಗೆ ಬಂದ ನೆಂಟ "ಏನೂ ಮಾಡಬೇಡಿ" ಎಂದರೆ ಕೋಳಿ ಕೊಯ್ಯಬೇಕು. "ಈಗಷ್ಟೇ ಊಟ ಆಯ್ತು" ಎಂದರೆ ಅಮಾಲ ಮುದ್ದೆಯನ್ನು ಇನ್ನಷ್ಟು ದೊಡ್ಡದಾಗಿ ಕಟ್ಟಬೇಕು. ಲಾಮಿಡಿ ರಾತ್ರಿಯೆಲ್ಲ ಮಗ್ಗುಲು ಬದಲಾಯಿಸಿ ಒಂದು ತೀರ್ಮಾನಕ್ಕೆ ಬಂದ: ಕಾರಿನ ಹೊಗೆ ನಿಲ್ಲಲೇಬೇಕು.

ಹಾಲುಬಣ್ಣದ ಹಳೆಯ ಫೈವ್-ಓ-ಫೋರ್ ಮಾದರಿಯ ಕಾರು ಅದು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಕಾಲದಲ್ಲಿ ಲಾಮಿಡಿ ಕೊಂಡದ್ದು. ಮಗಳು ರಿಸಿ ಮದುವಣಗಿತ್ತಿಯಾಗಿ ಕೂತು ಹೋದದ್ದು ಅದರಲ್ಲೇ. ಹಿಂಭಾಗದಲ್ಲಿ ಲೋಹದ ಅಕ್ಷರಗಳಲ್ಲಿ 'ಇಂಜೆಕ್ಷನ್' ಎಂದು ಬರೆದಿತ್ತು, ಪಂಪೊಂದು ಪೆಟ್ರೋಲನ್ನು ನೇರ ಇಂಜಿನ್ನಿಗೆ ಚಿಮ್ಮಿಸುವ ಗಾಡಿ ಎಂಬ ಹೆಮ್ಮೆಗೆ. ಆ ಅಕ್ಷರಗಳನ್ನು ಅವನು ದಿನಾ ಒರೆಸುತ್ತಿದ್ದ. ಆದರೆ ಈಚೆಗೆ ಕಾರು ಬೀದಿಗಿಳಿದರೆ ಸಾಕು, ಕಿಟಕಿಗಳು ಒಂದರ ಹಿಂದೊಂದು ದಡದಡ ಮುಚ್ಚಿಕೊಳ್ಳುತ್ತಿದ್ದವು. ಕಪ್ಪು ಹೊಗೆ, ಹಸಿ ಸೌದೆಯ ಒಲೆಯಂತೆ.

"ಇಷ್ಟು ಇಂಜೆಕ್ಷನ್ ಚುಚ್ಚಿಸ್ಕೊಂಡ್ರೂ ಇದರ ಕೆಮ್ಮು ನಿಂತಿಲ್ವಲ್ಲ!" ಎನ್ನುತ್ತಿದ್ದಳು ಎದುರು ಮನೆಯ ಜಗುಲಿಯಲ್ಲಿ ಅಕಾರ ಎಂಬ ಅಲಸಂದೆ ವಡೆ ಕರಿಯುವ ಬೋಸೆಯ ಅಮ್ಮ.

ಆ ಬೀದಿಗೆಲ್ಲ ಲಾಮಿಡಿ ಬೆಳಕು ಹರಿಯುವ ಮೊದಲೇ ಡಂಗುರ ಹೊಡೆದಿದ್ದ, ತನ್ನ ಕಾರು ಸಿನಿಮಾ ಸೇರುತ್ತದೆ ಎಂದು. ಮಧ್ಯಾಹ್ನಕ್ಕೆ ಹೊಗೆ ನಿಲ್ಲದಿದ್ದರೆ ಮುಖ ಎಲ್ಲಿಡುವುದು?

ಕರೆಯದೆಯೇ ಬಂದವನು ಸುಬೇರು. ಪಕ್ಕದ ಮನೆಯವನು, ಬಾಡಿಗೆ ವ್ಯಾನ್ ಓಡಿಸುವವನು. ಸ್ವಂತ ವ್ಯಾನ್ ದಿನಾ ತಳ್ಳದೆ ಸ್ಟಾರ್ಟ್ ಆಗುತ್ತಿರಲಿಲ್ಲ. ಊರವರ ಗಾಡಿಗೆಲ್ಲ ಅವನೇ ಡಾಕ್ಟರು.

"ಅಣ್ಣಾ, ಗಾಡಿ ರಿಚ್ ಓಡ್ತಿದೆ," ಎಂದ ಸುಬೇರು, ಹೊಗೆಯನ್ನು ಮೂಸಿ. "ಅಂದ್ರೆ ಗಾಳಿ ಕಮ್ಮಿ, ಪೆಟ್ರೋಲ್ ಜಾಸ್ತಿ."

"ಅಂತೂ ಆ ಮನೇಲಿ ಒಬ್ರಾದ್ರೂ ರಿಚ್ ಆದ್ರಲ್ಲ," ಎಂದು ಎದುರು ಜಗುಲಿಯಿಂದ ಮಾತು ಹಾರಿಬಂತು.

"ನಿಮ್ಮ ಬಾಣಲೆ ಕಡೆ ನೋಡ್ಕೊಳ್ಳಿ!" ಎಂದು ಲಾಮಿಡಿ ಗುಡುಗಿದ.

ಸುಬೇರು ಬಾನೆಟ್ ಎತ್ತಿ ಪ್ಲಗ್ಗುಗಳನ್ನು ಬಿಚ್ಚಿದ. ಮಸಿಯಲ್ಲಿ ಅದ್ದಿ ತೆಗೆದಂತಿದ್ದವು. ಉಜ್ಜಿ ಹಾಕಿದ. ಹೊಗೆ ಹಾಗೇ. ಗಾಳಿಯ ಫಿಲ್ಟರ್ ಕಟ್ಟಿಕೊಂಡಿದೆ ಎಂದು ಅದನ್ನು ತೆಗೆದು, ಧೂಳು ಕೊಡವಿ, ಬಿಸಿಲಿಗೆ ಗೋಡೆಯ ಮೇಲಿಟ್ಟ. ಯಾರದೋ ಮೇಕೆ ಬಂದು ಆ ಮಡಿಕೆ ಮಡಿಕೆಯ ಕಾಗದವನ್ನು ಹಪ್ಪಳದಂತೆ ಅಗಿದು ತಿಂದಿತು.

"ಅಯ್ಯೋ, ನನ್ನ ಫಿಲ್ಟರ್!"

"ಹೋಗ್ಲಿ ಬಿಡಿ ಅಣ್ಣಾ, ಈಗ ಗಾಳಿ ಧಾರಾಳ," ಎಂದ ಸುಬೇರು.

ಗಾಳಿ ಧಾರಾಳವಾದರೂ ಹೊಗೆ ಜಗ್ಗಲಿಲ್ಲ. ಸುಬೇರು ಪೆಟ್ರೋಲ್ ಪಂಪಿನ ತಿರುಪನ್ನು ಒಂದು ಸುತ್ತು ಬಿಗಿದ. ಇಂಜಿನ್ ಬಿಕ್ಕಳಿಸಿ ಸತ್ತಿತು. ಎರಡು ಸುತ್ತು ಸಡಿಲಿಸಿ, "ಈಗ ಹೊಡೀರಿ," ಎಂದ. ಲಾಮಿಡಿ ಕೀಲಿ ತಿರುಗಿಸಿದ. ಢಮ್! ಸೈಲೆನ್ಸರಿನಿಂದ ಮಸಿಯ ಉಂಡೆಯೊಂದು ಹಾರಿ, ಬೀದಿ ದಾಟಿ, ನೆಟ್ಟಗೆ ಬೋಸೆಯ ಅಮ್ಮನ ಅಲಸಂದೆ ಹಿಟ್ಟಿನ ಪಾತ್ರೆಗೆ ಬಿತ್ತು.

ಆಕೆ ಸೌಟು ಹಿಡಿದೇ ಬೀದಿಗೆ ಇಳಿದಳು.

"ರಿಸಿ ಅಪ್ಪಾ! ಬೆಳಗಿನ ಜಾವ ಎದ್ದು ರುಬ್ಬಿದ ಹಿಟ್ಟು ಕಣ್ರೀ! ಈ ಒಲೆಗೆ ಬೆಂಕಿ ಬಿದ್ದು ಹೋಗ!"

"ಒಲೆ ಅಂದ್ರೆ ಸುಮ್ನಿರಲ್ಲ ನಾನು! ಇದು ಇಂಜೆಕ್ಷನ್ ಗಾಡಿ!"

"ಒಲೆ ಅಂದಿದ್ದು ನನ್ನ ತಪ್ಪೇ. ಒಲೆಯಾದ್ರೆ ಅಡುಗೆಯಾದ್ರೂ ಆಗ್ತಿತ್ತು!" ಎಂದವಳೇ ಸಿಟ್ಟಿನಲ್ಲಿ ಇಂಜಿನ್ನಿನ ಮೇಲೆ ಅಂಗೈಯಿಂದ ಫಟ್ಟನೆ ಬಡಿದಳು. ಬಡಿದ ಕೈಯನ್ನು ಅಲ್ಲೇ ಇಟ್ಟಳು. ತೆಗೆಯಲೇ ಇಲ್ಲ. "ಇದೇನ್ರೀ ಇದು, ಬೆಳಗ್ಗಿಂದ ಬೊಗಳ್ತಾ ಇದೆ, ಮೈಯೇ ಬಿಸಿಯಾಗಿಲ್ಲ! ನನ್ನ ಹಣೆ ಇದಕ್ಕಿಂತ ಬಿಸಿ ಇದೆ."

ಲಾಮಿಡಿ ಕೆಳಗಿಳಿದು ರೇಡಿಯೇಟರಿನ ಕೊಳವೆ ಮುಟ್ಟಿ ನೋಡಿದ. ಸ್ನಾನದ ನೀರು ಆರಿದಂತೆ ಉಗುರುಬೆಚ್ಚಗಿತ್ತು.

ಹಳೆಯದೆಲ್ಲ ಅವನ ನೆನಪಿಗೆ ಬಂತು. ಒಂದು ಬೇಸಿಗೆಯಲ್ಲಿ ಇದೇ ಸುಬೇರು ಇಂಜಿನ್ನಿನ ನೀರಿನ ದಾರಿಯಿಂದ ಹಿತ್ತಾಳೆಯ ಬಿಲ್ಲೆಯೊಂದನ್ನು ಕಿತ್ತು ತೆಗೆದಿದ್ದ. ಥರ್ಮೋಸ್ಟಾಟ್. ಇಂಜಿನ್ ಕಾಯುವ ತನಕ ತಣ್ಣೀರನ್ನು ತಡೆದು ನಿಲ್ಲಿಸುವ ಬಾಗಿಲು. "ಇದು ಹಿಮ ಬೀಳೋ ದೇಶದವರಿಗೆ ಅಣ್ಣಾ, ನಮ್ಮ ಬಿಸಿಲಿಗೆ ಯಾಕೆ?" ಎಂದಿದ್ದ. ಊರಿನ ಮೆಕ್ಯಾನಿಕ್ಕುಗಳೆಲ್ಲ ಹಾಗೇ ಮಾಡುತ್ತಿದ್ದರು, ಲಾಮಿಡಿಯೂ ತಲೆಯಾಡಿಸಿದ್ದ. ಇಂಜೆಕ್ಷನ್ ಪಂಪೋ, ಇಂಜಿನ್ ತಣ್ಣಗಿರುವ ತನಕ ಪೆಟ್ರೋಲ್ ಹೆಚ್ಚು ಸುರಿಯುತ್ತದೆ, ಒಲೆ ಹತ್ತುವ ತನಕ ಸೌದೆ ಹೆಚ್ಚು ಒಟ್ಟುವಂತೆ. ಇಂಜಿನ್ ಕಾಯುವುದೇ ಇಲ್ಲ. ಪಂಪು ಸುರಿಯುವುದು ನಿಲ್ಲಿಸುವುದೇ ಇಲ್ಲ.

"ಲೋ ಸುಬೇರೂ!" ಲಾಮಿಡಿ ಕಾರಿನ ಮೈ ಸವರಿದ. "ಇಷ್ಟು ವರ್ಷ ಈ ಬಿಸಿಲಲ್ಲಿ ನಿಂತು ನನ್ನ ಗಾಡಿ ಚಳಿಗೆ ನಡುಗ್ತಾ ಇತ್ತಲ್ಲೋ! ಪಾಪ, ತಾನು ಹಿಮದಲ್ಲಿದೀನಿ ಅಂದ್ಕೊಂಡಿತ್ತಲ್ಲೋ!"

"ಅದಕ್ಕೆ ನಾನೇನ್ ಮಾಡ್ಲಿ? ಆ ಬಿಲ್ಲೆ ನಿಮ್ಮ ಕೈಗೇ ಕೊಟ್ಟಿದ್ದೆ."

"ಎಲ್ಲಿ ಕೊಟ್ಟೆ? ಯಾವಾಗ ಕೊಟ್ಟೆ?" ಎಂದು ಲಾಮಿಡಿ ಕೀಲಿಗೊಂಚಲನ್ನು ಅವನ ಮುಖದ ಮುಂದೆ ಝಣಝಣ ಅಲ್ಲಾಡಿಸಿದ.

ಹೆಂಡತಿ ಶಿಫಾವು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದವಳು ಮೆಲ್ಲಗೆ ಹೇಳಿದಳು: "ಅದೇ ರೀ, ಅಲ್ಲಾಡಿಸ್ತಾ ಇದೀರಲ್ಲ, ಅದೇ."

ಕೀಲಿ ಕಳೆಯದಿರಲೆಂದು ಲಾಮಿಡಿ ಅಂದೇ ಭಾರಕ್ಕೆ ಕಟ್ಟಿಕೊಂಡ ಹಿತ್ತಾಳೆ ತುಂಡು. ಅಂದಿನಿಂದ ದಿನಾ ಅದೇ ಕೈಯಲ್ಲಿ ಹಿಡಿದು ಅದೇ ಕಾರು ಓಡಿಸಿದ್ದ.

ಯಾರೂ ನಗಬಾರದೆಂದು ಅವನು ಎಲ್ಲರನ್ನೂ ದುರುಗುಟ್ಟಿ ನೋಡಿದ. ಎಲ್ಲರೂ ನಕ್ಕರು.

ಬಿಲ್ಲೆ ಇನ್ನೂ ಬದುಕಿದೆಯೇ ಎಂದು ನೋಡಲು ಅದಕ್ಕೆ ದಾರ ಕಟ್ಟಿ, ಶಿಫಾವುವಿನ ಮೋಯಿ-ಮೋಯಿ ಕಡುಬು ಬೇಯುವ ಪಾತ್ರೆಯ ಕುದಿನೀರಿಗೆ ಇಳಿಬಿಟ್ಟರು. ಓತಿಕ್ಯಾತ ಬಾಯಿ ತೆರೆದಂತೆ ಅದು ಮೆಲ್ಲಗೆ ತೆರೆದುಕೊಂಡಿತು. ಹಾಲಿನ ಪುಡಿಯ ಪೆಟ್ಟಿಗೆಯ ರಟ್ಟು ಕತ್ತರಿಸಿ, ನೀರು ಸೋರದಂತೆ ನಡುವೆ ಇಟ್ಟು, ಬಿಲ್ಲೆಯನ್ನು ಅದರ ಜಾಗದಲ್ಲಿ ಕೂರಿಸಿದರು, ಪಂಪಿನ ತಿರುಪನ್ನು ಮೊದಲಿದ್ದಲ್ಲಿಗೆ ತಂದರು. ಇಂಜಿನ್ ಕಾಯುತ್ತ ಕಾಯುತ್ತ ಹೊಗೆ ಕಪ್ಪಿನಿಂದ ಬೂದಿಗೆ ತಿರುಗಿ, ಬೂದಿಯೂ ಹೋಗಿ, ಕೊನೆಗೆ ಏನೂ ಇಲ್ಲ. ಗಾಡಿ ನಿಂತಿದೆಯೋ ಓಡುತ್ತಿದೆಯೋ ತಿಳಿಯದಷ್ಟು ಮೆತ್ತಗೆ ಉಸಿರಾಡತೊಡಗಿತು. ಮುಚ್ಚಿದ್ದ ಕಿಟಕಿಗಳು ತೆರೆದವು. ಬೋಸೆಯ ಅಮ್ಮ ಕೂಡ, "ಪರವಾಗಿಲ್ಲ," ಎಂದಳು.

ಲಾಮಿಡಿ ಮಿಂದು, ಗಂಜಿ ಹಾಕಿದ ಬಿಳಿಯ ಅಗ್ಬಾಡ ನಿಲುವಂಗಿ ತೊಟ್ಟು, ಟೋಪಿಯನ್ನು ಒಂದು ಕಡೆಗೆ ವಾಲಿಸಿ ಕಾರಿನ ಪಕ್ಕ ನಿಂತ. ಕೊಲಾಪೊ ಕ್ಯಾಮೆರಾದವರೊಂದಿಗೆ ಬಂದಿಳಿದ. ಕಾರಿನ ಹಿಂದೆ ಹೋದ. ಬಗ್ಗಿದ. ಮೂಸಿದ.

"ಬಾಬಾ, ಹೊಗೆ ಎಲ್ಲಿ?"

"ಹೊಗೆಯಾ?" ಲಾಮಿಡಿ ಎದೆಯುಬ್ಬಿಸಿದ. "ಹುಡುಕಿದ್ರೂ ಸಿಗಲ್ಲ!"

"ಏನ್ ಮಾಡಿಬಿಟ್ರಿ ಬಾಬಾ! ದುಷ್ಟ ಮಂತ್ರವಾದಿಯ ಗಾಡಿ ಅದು! ಹೊಗೆ ನೋಡಿ ಇಡೀ ಊರು ಓಡ್ಬೇಕು! ಏನೂ ಮಾಡ್ಬೇಡಿ, ಹಾಗೇ ಇರ್ಲಿ ಅಂತ ಹೇಳಿದ್ನಲ್ಲ!"

"ಮರ್ಯಾದೆಗೆ ಹೇಳಿದ್ರಿ ಅಂದ್ಕೊಂಡೆ ಕಣಪ್ಪಾ! ಯಾರಾದ್ರೂ ಆ ಮಾತನ್ನ ನಿಜವಾಗಿ ಹೇಳ್ತಾರಾ? ತಾಳಿ, ಆ ಬಿಲ್ಲೆ ಕಿತ್ತುಹಾಕ್ತೀನಿ..."

"ಇಂಜಿನ್ ಆರೋದ್ಯಾವಾಗ, ನೀವು ಕೀಳೋದ್ಯಾವಾಗ? ಬಿಸಿಲು ಇಳೀತಾ ಇದೆ," ಎಂದು ಕೊಲಾಪೊ ತಲೆ ಚಚ್ಚಿಕೊಳ್ಳುತ್ತಿರುವಾಗ ಬೀದಿಯ ತುದಿಯಲ್ಲಿ ಮೋಡವೊಂದು ಕಾಣಿಸಿತು. ಮೋಡದೊಳಗೆ, ಬಾಡಿಗೆ ಮುಗಿಸಿ ಬರುತ್ತಿದ್ದ ಸುಬೇರುವಿನ ವ್ಯಾನ್ ಇತ್ತು. ಎಣ್ಣೆ ಸುಟ್ಟ ದಟ್ಟ ಹೊಗೆ.

ಕೊಲಾಪೊ ತೋಳು ಚಾಚಿ ಓಡಿದ, ಕಳೆದುಹೋದ ತಮ್ಮ ಸಿಕ್ಕಿದಂತೆ.

ಲಾಮಿಡಿ ಆ ವ್ಯಾನನ್ನು ದುರುಗುಟ್ಟಿ ನೋಡುತ್ತ ನಿಂತಿದ್ದ. ಆಗ ಕೊಲಾಪೊ ತಿರುಗಿ ಅವನನ್ನು ನೋಡಿ, "ಬಾಬಾ, ಆ ಸಿಟ್ಟಿನ ಮುಖ! ಗಾಡಿ ಬೇಡ, ನೀವೇ ಬನ್ನಿ!" ಎಂದ. ಲಾಮಿಡಿ ಟೋಪಿ ಸರಿಮಾಡಿಕೊಂಡ. ರಾಜನ ಪಾತ್ರವೇ ಇರಬೇಕು ಎಂದುಕೊಂಡ. ಆದರೆ ವ್ಯಾನ್ ತಳ್ಳದೆ ಸ್ಟಾರ್ಟ್ ಆಗುವುದಿಲ್ಲವಲ್ಲ. ಅವನಿಗೆ ಸಿಕ್ಕಿದ್ದು ಮಂತ್ರವಾದಿಯ ಗಾಡಿಯನ್ನು ಹಿಂದಿನಿಂದ ತಳ್ಳುವ ಮುದುಕನ ಪಾತ್ರ. ಒಂದು ಸಲವಲ್ಲ, ಸರಿಯಾಗುವ ತನಕ ಮತ್ತೆ ಮತ್ತೆ. ಸ್ಟಿಯರಿಂಗ್ ಹಿಡಿದು ಕೂತ ಸುಬೇರು ಪ್ರತಿ ಸಲವೂ ಹಲ್ಲು ಕಿರಿದು, "ಜೋರಾಗಿ ಅಣ್ಣಾ!" ಎನ್ನುತ್ತಿದ್ದ.

ಸಂಜೆ ಲಾಮಿಡಿ ಮನೆಗೆ ಬಂದಾಗ ಕಣ್ಣು, ಹಲ್ಲು ಬಿಟ್ಟರೆ ಉಳಿದದ್ದೆಲ್ಲ ಕಪ್ಪು. "ಗಾಡಿ ಮಸಿ ಉಗುಳೋದು ನಿಲ್ಲಿಸ್ತು, ಈಗ ನೀವು ಶುರು ಮಾಡಿದ್ರಾ?" ಎಂದು ಶಿಫಾವು ಅಗ್ಬಾಡ ಬಿಚ್ಚಿಸಿ ಸೋಪಿನ ನೀರಿಗೆ ಅದ್ದಿ ಕುಕ್ಕಿ ಕುಕ್ಕಿ ಒಗೆದಳು. ಅದು ಕೊಕ್ಕರೆಯಂತೆ ಬೆಳ್ಳಗಾಗಿ ಹಗ್ಗದ ಮೇಲೆ ತೊಟ್ಟಿಕ್ಕುತ್ತಿರುವಾಗ ಸುಬೇರು ಏದುಸಿರು ಬಿಡುತ್ತ ಬಂದ.

"ಅಣ್ಣಾ, ಡೈರೆಕ್ಟರ್‌ಗೆ ನಿಮ್ಮ ಮುಖ ಬಹಳ ಹಿಡಿಸಿಬಿಟ್ಟಿದೆ. ನಾಳೆ ಮುಂದಿನ ಸೀನು, ಮಂತ್ರವಾದಿಗೆ ಶಾಪ ಹಾಕೋ ಮುದುಕ ನೀವೇ. ಇದೇ ಬಟ್ಟೇಲಿ ಬರ್ಬೇಕಂತೆ. ಒಗೀಬಾರ್ದಂತೆ. 'ಏನೂ ಮಾಡ್ಬೇಡಿ, ಹೇಗಿದ್ದಾರೋ ಹಾಗೇ ಬರ್ಲಿ' ಅಂದಿದಾರೆ. ನಿಜವಾಗ್ಲೂ ಅಂದಿದಾರೆ ಅಣ್ಣಾ!"

ಲಾಮಿಡಿ ಹಗ್ಗದ ಕಡೆ ನೋಡಿದ. ಶಿಫಾವು ಸೋಪಿನ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

ಅವನು ತೊಟ್ಟಿಕ್ಕುವ ಅಗ್ಬಾಡವನ್ನು ಹಗ್ಗದಿಂದ ಎಳೆದು ತೊಟ್ಟುಕೊಂಡ. ಬೀದಿಗೆ ಹೋಗಿ ಸುಬೇರುವಿನ ವ್ಯಾನಿನ ಹಿಂದೆ ಸೈಲೆನ್ಸರಿಗೆ ಎದುರಾಗಿ ನಿಂತ, ಎರಡೂ ಕೈಯನ್ನು ವ್ಯಾನಿನ ಬೆನ್ನಿಗೆ ಒತ್ತಿದ, ಕಣ್ಣು ಮುಚ್ಚಿದ.

"ಹೊಡಿಯೋ, ಸ್ಟಾರ್ಟ್ ಹೊಡಿ!" ಎಂದ.

ಬೀದಿಯ ಕಿಟಕಿಗಳೆಲ್ಲ ದಡದಡ ಮುಚ್ಚಿಕೊಂಡವು.