ಮಾವನವರ ಒಡಿಶಾ ವಾರ್ತೆ

ಗರ್ರೆಂದು ಮಿಕ್ಸಿ ತಿರುಗಿತು. ಬಾಯಿ ತೆರೆದಿದ್ದ ಸಿದ್ದರಾಜು ಹಾಗೇ ನಿಂತರು. ಮಿಕ್ಸಿ ನಿಂತಿತು. ಅವರು ಕನ್ನಡಕ ಸರಿಮಾಡಿಕೊಂಡು ಫೋನು ನೋಡುತ್ತಾ, "ಚಿಲಿಕಾ ಸರೋವರದಲ್ಲಿ ಈ ಸಲ..." ಎಂದರು. ಮಿಕ್ಸಿ ಮತ್ತೆ ಗರ್ರೆಂದಿತು.

ಗುಂಡಿಯ ಮೇಲಿದ್ದದ್ದು ಅವರ ಧರ್ಮಪತ್ನಿ ಚಿಕ್ಕಮಾದಮ್ಮನ ಹೆಬ್ಬೆರಳು. ಕರೆಂಟು ಉಳಿಸುವುದರಲ್ಲಿ ಆಕೆ ಎತ್ತಿದ ಕೈ. ಆದರೆ ಈ ಒಡಿಶಾ ವಾರ್ತೆ ಶುರುವಾದಾಗಿನಿಂದ ಮನೆಯ ಚಟ್ನಿ ತೇಯ್ದ ಗಂಧದ ಹಾಗೆ ನುಣ್ಣಗಾಗುತ್ತಿತ್ತು.

ಒಡಿಶಾ ನಂಜನಗೂಡಿನ ಈ ಮನೆಗೆ ಕಾಲಿಟ್ಟದ್ದು ಸೊಸೆ ಸಸ್ಮಿತಾಳ ಜೊತೆಯಲ್ಲಿ. ಮಗ ಚಂದ್ರಶೇಖರ್ ಕೆಲಸ ಮಾಡುವ ತಾಂಡ್ಯದ ಕಾರ್ಖಾನೆಯಲ್ಲೇ ಅವಳಿಗೆ ಲ್ಯಾಬಿನ ಕೆಲಸ. ಮದುವೆಯಾಗಿ ಐದು ತಿಂಗಳು. ಆ ಐದು ತಿಂಗಳಲ್ಲಿ ಅವಳು ಮಾವನ ಜೊತೆ ಆಡಿದ ಮಾತನ್ನೆಲ್ಲ ಒಂದು ಬಸ್ ಟಿಕೆಟ್ಟಿನ ಹಿಂದೆ ಬರೆದು ಮುಗಿಸಬಹುದಿತ್ತು: "ಹೂಂ ಮಾವ", "ಇಲ್ಲ ಮಾವ", "ಕಾಫಿ ಮಾವ". ಅದೇ ಅತ್ತೆಯ ಜೊತೆಯಾದರೋ ಅಡಿಗೆಮನೆಯಲ್ಲಿ ಗಂಟೆಗಟ್ಟಲೆ ಕಿಲಕಿಲ. ಅತ್ತೆಯ ತವರು ಸೋಮನಾಥಪುರದ ಪಕ್ಕದ ಹಳ್ಳಿ. ಅವಳ ಬಾಯಿಂದ ಕನ್ನಡ ಕಲಿತ ಹುಡುಗಿ ಅವಳಂತೆಯೇ "ಓಗ್ಬುಟ್ಟು ಬತ್ತೀನಿ ಕಣತ್ತೆ" ಎನ್ನುವಳು. ಸಿದ್ದರಾಜು ಬಾಗಿಲಲ್ಲಿ ತಲೆ ಹಾಕಿದರೆ ಇಬ್ಬರೂ ಗಪ್‌ಚಿಪ್.

ಹೆಣ್ಣುಮಗು ಇಲ್ಲದ ಮನೆ ಅದು. ಒಬ್ಬ ಮಗಳಿದ್ದಿದ್ದರೆ ಏನೇನು ಹರಟಬೇಕು, ಹೇಗೆಲ್ಲ ನಗಿಸಬೇಕು ಎಂದು ಮೂವತ್ತು ವರ್ಷ ಮನಸ್ಸಿನಲ್ಲೇ ಕೂಡಿಟ್ಟುಕೊಂಡವರು ಸಿದ್ದರಾಜು. ಈಗ ಮನೆಗೆ ಮಗಳಂಥವಳು ಬಂದಿದ್ದಾಳೆ, ಮಾತು ಮಾತ್ರ ಬಂದಿಲ್ಲ. ತವರಿನ ನೆನಪೇ ಅವಳ ನಾಲಿಗೆ ಕಟ್ಟಿರಬೇಕು. ಆ ತವರನ್ನೇ ದಿನಾ ಬೆಳಿಗ್ಗೆ ಏಳಕ್ಕೆ ತಂದು ಊಟದ ಮೇಜಿನ ಮೇಲಿಟ್ಟರೆ? (ತಾಲ್ಲೂಕು ಕಚೇರಿಯಲ್ಲಿ ಮೂವತ್ತೆರಡು ವರ್ಷ ವರದಿ ಬರೆದ ಕೈ. ನಿವೃತ್ತಿಯ ಮೇಲೆ ಅದೂ ತುರಿಸುತ್ತಿತ್ತು.)

ಹಾಗೆ ಆರಂಭವಾಯಿತು ವಾರ್ತಾ ಪ್ರಸಾರ. ಕಡಲಾಮೆಗಳು ಲಕ್ಷಗಟ್ಟಲೆ ದಡಕ್ಕೆ ಬಂದು ಮೊಟ್ಟೆಯಿಟ್ಟ ಸುದ್ದಿ. ಕಾಡಿನಲ್ಲಿ ಕಪ್ಪು ಹುಲಿ ಓಡಾಡುವ ಸುದ್ದಿ. ಎಲ್ಲಕ್ಕೂ ಸೊಸೆಯದು ಒಂದೇ ಉತ್ತರ: "ಹೌದಾ ಮಾವ."

ಒಂದು ದಿನ ಅವರು ಗಾಬರಿಯಿಂದ ಓಡಿಬಂದರು. "ಮಗಳೇ, ನಿಮ್ಮ ಕಡೆ ಚಂಡಮಾರುತವಂತೆ! ನಿಮ್ಮ ತಂದೆಯವರಿಗೆ ಫೋನ್ ಮಾಡಮ್ಮ."

"ಅದು ಸಮುದ್ರದ ಅತ್ರ ಮಾವ. ನಮ್ಮ ಬರ್ಗಢ ಭಾಳ ದೂರ."

"ಕೇಳುದ್ರಾ?" ಎಂದಳು ಚಿಕ್ಕಮಾದಮ್ಮ. "ಕಾರ್ವಾರ್ದಲ್ಲಿ ಮಳೆ ಉಯ್ದ್ರೆ ನಮ್ಮಣ್ಣುಂಗೆ ಛತ್ರಿ ಕಳ್ಸೋರು ನೀವು!"

ಸಿದ್ದರಾಜು ಎದೆಗುಂದಲಿಲ್ಲ. ಜೂನ್ ತಿಂಗಳ ಒಂದು ಬೆಳಿಗ್ಗೆ ಅವರಿಗೆ ಅಪರೂಪದ ಸರಕು ಸಿಕ್ಕಿತು. ಕಚೇರಿಯ ಗತ್ತಿನಲ್ಲಿ ಓದಿದರು: "ಒಡಿಶಾದಲ್ಲಿ ಮುಂದಿನ ವಾರ ರಜ ಪರ್ಬದ ಸಂಭ್ರಮ. ಮೂರು ದಿನ ಭೂಮಿತಾಯಿ ಮುಟ್ಟಾಗುತ್ತಾಳೆಂದು ನಂಬಿಕೆ. ನೇಗಿಲು ಹೂಡುವುದಿಲ್ಲ. ಹೆಣ್ಣುಮಕ್ಕಳು ಮನೆಗೆಲಸ ಮುಟ್ಟುವುದಿಲ್ಲ. ಹೊಸ ಬಟ್ಟೆಯುಟ್ಟು ಉಯ್ಯಾಲೆಯಾಡುತ್ತಾ..."

ಮಿಕ್ಸಿ ನಿಂತಿತು. ಮತ್ತೆ ಶುರುವಾಗಲೇ ಇಲ್ಲ.

"ಇನ್ನೊಂದ್ಸಲ ಓದ್ರಿ," ಎಂದಳು ಚಿಕ್ಕಮಾದಮ್ಮ.

ಐದು ತಿಂಗಳಲ್ಲಿ ಮೊದಲ ಬಾರಿಗೆ ಕೇಳುಗರು! ಸಿದ್ದರಾಜು ಉಬ್ಬಿಹೋಗಿ, ಇನ್ನಷ್ಟು ಗಟ್ಟಿಯಾಗಿ ಓದಿದರು.

"ಮತ್ತೆ ಅಡ್ಗೆ?"

"ಅಡಿಗೆಯನ್ನು ಗಂಡಸರೇ ಮಾಡ್ತಾರಂ..." ಕೊನೆಯ ಅಕ್ಷರ ಗಂಟಲಲ್ಲೇ ಕೂತಿತು. ಬಾವಿಗೆ ಬಿದ್ದ ಮೇಲೆ ಬಾವಿ ಕಂಡಿತ್ತು. ಸೊಸೆಯ ಕಡೆ ತಿರುಗಿ, "ಈಗಿನ ಕಾಲದಲ್ಲಿ ಇದನ್ನೆಲ್ಲ ಯಾರೂ ಮಾಡಲ್ಲ, ಅಲ್ವೇನಮ್ಮ?" ಎಂದರು.

ಸಸ್ಮಿತಾ ಅತ್ತೆಯ ಮುಖ ನೋಡಿದಳು. ಮಾವನ ಮುಖ ನೋಡಿದಳು. ಆಮೇಲೆ ಬಾಯಿ ಬಿಟ್ಟಳು. "ಮಾಡ್ತಾರೆ ಮಾವ! ಎಂಗಸ್ರು ಅರೆಯಂಗಿಲ್ಲ, ಕುಟ್ಟಂಗಿಲ್ಲ, ಒಲೆ ಅಚ್ಚಂಗಿಲ್ಲ. ಬರಿಗಾಲಲ್ಲಿ ನೆಲ ತುಳಿಯಂಗಿಲ್ಲ. ಎಲೆಅಡಿಕೆ ಆಕ್ಕೊಂಡು ಉಯ್ಯಾಲೆ ಮೇಲೆ ಕೂತಿರ್ಬೇಕು, ಅಷ್ಟೇಯ."

ಅವಳಾಡಿದ ಮೊದಲ ಉದ್ದದ ಮಾತು. ಸಿದ್ದರಾಜು ಅದರ ಅರ್ಥಕ್ಕೆ ಹೆದರಿದರೂ ಅದರ ಉದ್ದಕ್ಕೆ ಹಿಗ್ಗಿದರು.

"ಎಸ್ರಲ್ಲೇ ರಜ ಮಡ್ಗವ್ರಲ್ಲ, ಎಂಥಾ ಬುದ್ಧಿವಂತ ಜನ!" ಎಂದ ಚಿಕ್ಕಮಾದಮ್ಮ ಸೆರಗಿಗೆ ಕೈ ಒರೆಸಿಕೊಂಡು ಅಡಿಗೆಮನೆಯಿಂದ ಹೊರಬಿದ್ದಳು.

ಹಬ್ಬ ಬಂತು. ಸೊಸೆ ಲ್ಯಾಬಿಗೆ ಮೂರು ದಿನ ರಜೆ ಬರೆದಳು. ಮಗನಿಗೆ ಅದು ಹೇಗೋ ಆ ಮೂರು ದಿನವೂ ಓವರ್‌ಟೈಮ್ ಬಿತ್ತು. ಹಿತ್ತಲ ಬೇವಿನ ಕೊಂಬೆಗೆ ಹಗ್ಗ ಬಿಗಿದು ಉಯ್ಯಾಲೆ ಕಟ್ಟಿದವರೂ ಸಿದ್ದರಾಜುವೇ, ಒಳಗೆ ಹೋಗಿ ಮುದ್ದೆ ತೊಳಸಿದವರೂ ಸಿದ್ದರಾಜುವೇ. ಮುದ್ದೆಯೆಂದರೆ ಒಂದು ಗುಂಡು ತಾನೆ? ಅವರ ಮುದ್ದೆಯೊಳಗೆ ನೂರು ಗುಂಡುಗಳು ಸಂಸಾರ ಹೂಡಿದ್ದವು.

"ಇದೇನ್ರೀ, ಒಳಗೆ ಗೋಲಿ ಮಡ್ಗಿದ್ದೀರಾ?" ಚಿಕ್ಕಮಾದಮ್ಮ ಉಯ್ಯಾಲೆಯ ಮೇಲಿಂದಲೇ ವಿಚಾರಣೆ ನಡೆಸಿದಳು. ಹತ್ತಿರ ಬಂದಾಗ, "ಸಾರ್ಗೆ ಉಪ್ಪು..." ಎನ್ನುವಳು, ದೂರ ಹೋಗಿ ಮರಳಿ ಬಂದಾಗ, "...ಆಕುದ್ರಾ?"

ಎರಡನೆಯ ದಿನ ಪಕ್ಕದ ಮನೆಯ ಜವರಮ್ಮನೂ ಉಯ್ಯಾಲೆಗೆ ಬಂದಳು. ಅವಳ ಗಂಡ ನಿಂಗರಾಜು ಈರುಳ್ಳಿ ಹೆಚ್ಚಿ ಕೆಂಪಾದ ಕಣ್ಣಿನಲ್ಲಿ ಕಾಂಪೌಂಡಿನಾಚೆಯಿಂದ ಕೈಮುಗಿದ. "ಸಾ, ನಿಮ್ಮ ದಮ್ಮಯ್ಯ. ಇನ್ಮುಂದೆ ಓದೋದಿದ್ರೆ ಮನ್ಸಲ್ಲೇ ಓದ್ಕಳಿ."

ಮೂರನೆಯ ದಿನ ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಹಿತ್ತಲಿಂದ ಹಾಡು ಕೇಳಿತು. ಕಿಟಕಿಯಿಂದ ನೋಡಿದರೆ ಸಸ್ಮಿತಾ ತನ್ನ ಭಾಷೆಯಲ್ಲಿ ಹಾಡುತ್ತಾ ಬೇವಿನೆಲೆಗಳವರೆಗೆ ತೇಲಿಹೋಗಿ ನೆರಳಿಗೆ ಇಳಿಯುತ್ತಿದ್ದಳು. ಒಂದು ಪದವೂ ತಿಳಿಯಲಿಲ್ಲ. ಆದರೂ ಯಾವ ವಾರ್ತೆಯೂ ತಾರದ ಅಷ್ಟು ದೂರದ ಊರು ಆ ದನಿಯಲ್ಲಿ ಹಿತ್ತಲಿಗೆ ಬಂದು ಕೂತಂತಿತ್ತು. ಸಿದ್ದರಾಜುವಿನ ಕಣ್ಣು ತುಂಬಿತು. (ಸಾಸಿವೆ ಸೀದದ್ದೂ ಒಂದು ಕಾರಣ.)

ಸಂಜೆ ಅವರು ಕಾಫಿ ತಂದುಕೊಟ್ಟು ಜಗಲಿಯ ಮೇಲೆ ಕುಸಿದು ಕೂತಾಗ ಸೊಸೆ ಮೆಲ್ಲಗೆ ಹೇಳಿದಳು: "ಮಾವ, ಬೇಜಾರ್ ಮಾಡ್ಕಬೇಡಿ. ಈ ಅಬ್ಬ ಸಮುದ್ರದ ಕಡೆಯೋರ್ದು. ನಮ್ಮನೇಲಿ ಮಾಡದಿಲ್ಲ. ನಾನೂ ಇದೇ ಮೊದ್ಲು."

"ಮತ್ತೆ ಅವತ್ತು ಹೇಳಬಾರದಿತ್ತೇನಮ್ಮ?"

"ನೀವು ಅಷ್ಟು ಆಸೆಯಿಂದ ಓದ್ತಿದ್ರಿ. ಅತ್ತೆ ಬ್ಯಾರೆ ಮಿಕ್ಸಿ ನಿಲ್ಸುದ್ರು. ಎಂಗೆ ಇಲ್ಲ ಅನ್ಲಿ?"

"ನಂಗೆ ಅವತ್ತೇ ಏಳಿದ್ಲು ಇವ್ಳು," ಎಂದಳು ಚಿಕ್ಕಮಾದಮ್ಮ, ಕಾಫಿ ಹೀರುತ್ತಾ. "ಸಕ್ರೆ ಕಮ್ಮಿ ಆಯ್ತು ಕಣ್ರೀ."

ಸಿದ್ದರಾಜುವಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಅಷ್ಟರಲ್ಲಿ ಸಸ್ಮಿತಾ ತನ್ನ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡಳು. "ನಮ್ಮ ಕಡೆ ದೊಡ್ಡದು ನುವಾಖಾಯಿ ಮಾವ. ಗಣೇಶನ ಅಬ್ಬದ ಮಾರನೇ ದಿನ. ಒಸ ಭತ್ತದ ಅಬ್ಬ. ಚಿಕ್ಕೋಳಿದ್ದಾಗ ನಮ್ಮಜ್ಜ ನನ್ನ ಎಗಲ ಮೇಲೆ ಕೂರ್ಸ್ಕೊಂಡು ಗದ್ದೆಗೆ ಓಗೋರು. ಏಳ್ಳಾ?"

ಐದು ತಿಂಗಳಿಂದ ಅವರು ಕಾದ ಗಳಿಗೆ! "ಹೇಳು ತಾಯಿ, ಹೇಳು," ಎಂದು ಮುಂದಕ್ಕೆ ಬಾಗಿದರು.

"ಒಸ ಅಕ್ಕೀನ ಮೊದ್ಲು ದೇವ್ರಿಗೆ ಇಡ್ತಾರೆ. ಆಮೇಲೆ ಮನೇಗೆ ಇರಿಯರು ಯಾರಿರ್ತಾರೋ ಅವ್ರು..."

"ಇರೀರು ಅಂದ್ರೆ ಇವ್ರೇ ತಾನೆ?" ಚಿಕ್ಕಮಾದಮ್ಮ ಲೋಟ ಕೆಳಗಿಟ್ಟಳು. "ಏನೇನ್ ಮಾಡ್ಬೇಕವ್ವ ಅವ್ರು? ಭತ್ತ ಕುಟ್ಟದೂ ಅವ್ರೇಯಾ?"

ಸಸ್ಮಿತಾ ಅತ್ತೆಯ ಮುಖ ನೋಡಿದಳು. ಆಮೇಲೆ ನಿಧಾನವಾಗಿ ಮಾವನ ಕಡೆ ತಿರುಗಿ ಬಾಯಿ ತೆರೆದಳು.

ಸಿದ್ದರಾಜು ಚಪ್ಪಲಿ ಮೆಟ್ಟಿಕೊಂಡರು.

"ಮಾವ, ಇನ್ನೂ ಮುಗ್ದಿಲ್ಲ ಮಾವ! ಅದಾದ್ಮೇಲೆ ಇರಿಯರು ಏನ್ ಮಾಡ್ಬೇಕು ಅಂದ್ರೆ..."

ಅವರು ಗೇಟು ದಾಟಿ ಹೊಳೆಯ ದಾರಿ ಹಿಡಿದಿದ್ದರು. ಸೊಸೆಯ ಮಾತು ಬೆನ್ನ ಹಿಂದೆ ತಡೆಯಿಲ್ಲದೆ ಬರುತ್ತಲೇ ಇತ್ತು.