ಇದ್ದ ಬಣ್ಣ

"ಹಾಲ್‌ಗೆ ಬಣ್ಣ ಹೊಡೆಸಿ. ಆದ್ರೆ ಈಗಿರೋ ಬಣ್ಣಾನೇ ಇರ್ಲಿ. ಕಣ್ಣು ಹೊಸದಾದ್ರೆ ಸಾಕು, ಮನೆ ಹಳೇದೇ ಇರ್ಲಿ" ಎಂದು ಹೆಂಡತಿ ಫೋನಿನಲ್ಲಿ ಹೇಳಿದ್ದೇ ಕರಡು ರಾಯರ ಕಷ್ಟಕ್ಕೆ ಮೂಲವಾಯಿತು.

ಹೆಂಡತಿ ಮಗಳ ಮನೆಗೆ ಹೋಗಿ ಒಂದೂವರೆ ತಿಂಗಳಾಗಿತ್ತು. ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು ಅಂದು ಸಂಜೆ ಮರಳುವವರಿದ್ದರು. ಧೂಳು ತಾಗಬಾರದೆಂದು ಡಾಕ್ಟರ ಕಟ್ಟಪ್ಪಣೆ; ಹಾಲ್‌ನ ಗೋಡೆಯಾದರೋ ಮುಟ್ಟಿದರೆ ಹಿಟ್ಟಿನಂತೆ ಉದುರುತ್ತಿತ್ತು. ರಾಯರು ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕರಡು ತಿದ್ದಿದವರು. ದೊಡ್ಡ ದೊಡ್ಡ ಪಂಡಿತರ ತಪ್ಪುಗಳನ್ನೂ ಹಿಡಿದಿದ್ದರು. ಹೆಂಡತಿಯ ಮಾತಿನಲ್ಲಿ ಮಾತ್ರ ಒಂದು ಅಲ್ಪವಿರಾಮವನ್ನೂ ಅಲುಗಿಸಿದವರಲ್ಲ.

ತಿಂಗಳಿಡೀ ನಾಳೆ ನಾಳೆ ಎನ್ನುತ್ತಿದ್ದ ಪೇಂಟರು ಕೊನೆಗೂ ಆ ದಿನ ಬೆಳಗ್ಗೆ ಏಳಕ್ಕೆ ಬಂದರು. ಬಿಳಿ ಅಂಗಿ, ಬಿಳಿ ಪ್ಯಾಂಟು, ಎಲ್ಲಿಯೂ ಒಂದು ಹನಿ ಬಣ್ಣವಿಲ್ಲ. ಆಪರೇಷನ್ನಿಗೆ ಬಂದ ಸರ್ಜನ್ನಿನ ಹಾಗೆ ಗೋಡೆಯನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, "ಯಾವ ಬಣ್ಣ?" ಎಂದರು.

"ಈಗಿರೋದೇ. ತಿಳಿಜೇನಿನ ಬಣ್ಣ."

ಪೇಂಟರು ಗೋಡೆ ನೋಡಿದರು, ರಾಯರನ್ನು ನೋಡಿದರು. "ಇದು ಬಿಳಿ, ಸ್ವಾಮಿ."

ಬಿಳಿಯೆಂದು ರಾಯರಿಗೂ ಗೊತ್ತಿತ್ತು. ನಾಲ್ಕೈದು ವರ್ಷದಿಂದ ಹೆಂಡತಿ ಅದನ್ನು ಜೇನು ಎನ್ನುತ್ತಿದ್ದರು. ಬಿಳಿಗೆ ಹೆಂಗಸರಲ್ಲಿ ಹಾಗೂ ಒಂದು ಹೆಸರಿರಬಹುದೆಂದು ಇವರು ಸುಮ್ಮನಿದ್ದರು. ಈಗ ಒಳಗೆ ಹೋಗಿ ಮೆಲ್ಲಗೆ ಫೋನು ಮಾಡಿದರು.

"ಅಲ್ಲ ಕಣೇ, ನಮ್ಮ ಗೋಡೆ ಒಂಚೂರು ಬಿಳಿ ಅಲ್ವಾ?"

"ಬಿಳಿಯಂತೆ. ದಿನಾ ಎದುರಿಗೇ ಕೂತು ಕಾಫಿ ಕುಡಿದಿದೀನಿ. ಬಿಸಿಲಿಗೆ ಹಿಡಿದ ಜೇನಿನ ಬಾಟ್ಲಿ ಇದ್ದಂಗಿದೆ. ಅಷ್ಟೂ ನೆನಪಿಲ್ವಾ ನಿಮಗೆ?"

"ಫೋಟೋ ಕಳಿಸ್ಲಾ?"

"ಫೋನ್ ನೋಡಬಾರದು ಅಂದಿದಾರೆ ಡಾಕ್ಟ್ರು."

ರಾಯರು ಹೊರಗೆ ಬರುವಷ್ಟರಲ್ಲಿ ಮಹಡಿ ಮೇಲಿನ ದರ್ಜಿ ಅಮ್ಮ ಇಳಿದು ಬಂದಾಗಿತ್ತು. ಬಿಳಿ ದಾರದ ಉಂಡೆಯೊಂದನ್ನು ತಂದು ಗೋಡೆಗೆ ಹಿಡಿದರು. ದಾರ ಗೋಡೆಯಲ್ಲಿ ಕರಗಿಹೋದಂತೆ ಕಂಡಿತು. "ನೋಡಿ ಅಣ್ಣ, ದಾರ ಸುಳ್ಳು ಹೇಳತ್ತಾ?" ಎದುರುಮನೆಯ ನಿವೃತ್ತ ಓವರ್ಸಿಯರು ಕುರ್ಚಿ ಎಳೆದುಕೊಂಡು ಕೂತರು. "ನಾನು ಸರ್ಕಾರಿ ಕಟ್ಟಡ ನೂರು ಕಟ್ಟಿಸಿದೀನಿ ರಾಯರೇ. ಇದು ಬಿಳಿ."

"ಬಿಳಿ ಗೋಡೆಗೆ ಹಳದಿ ಹೊಡೆದು ಇದ್ದ ಬಣ್ಣ ಅನ್ನೋಕೆ ನನ್ನಿಂದಾಗಲ್ಲ. ನಾನು ಕಸುಬಿನವನು" ಎಂದು ಪೇಂಟರು ಏಣಿ ಮಡಚಿದರು.

ಹೆಂಡತಿ ಬರಲು ಹತ್ತೇ ಗಂಟೆ ಉಳಿದಿತ್ತು. ಅವಳಿಗೆ ಬಣ್ಣ ತಿಳಿಯುವುದಿಲ್ಲ ಎಂದು ಈ ಮೂವರ ಮುಂದೆ ಹೇಳುವುದೆ? ಅದೂ ಕಣ್ಣಿಗೆ ಕತ್ತರಿ ಹಾಕಿಸಿಕೊಂಡು ಬರುತ್ತಿರುವವಳ ಬಗ್ಗೆ? ರಾಯರು ಏಣಿಗೆ ಅಡ್ಡ ನಿಂತರು.

"ನನ್ನ ಹೆಂಡತಿ ಮಾತು ಬಿಡಿ. ನನ್ನ ಕಣ್ಣಿಗೇ ಇದು ಜೇನಿನ ಬಣ್ಣವಾಗಿ ಕಾಣ್ತಿದೆ."

ಪೇಂಟರು ನಿಧಾನವಾಗಿ ಏಣಿ ಬಿಡಿಸಿದರು.

ಮಧ್ಯಾಹ್ನದವರೆಗೆ ಬಣ್ಣ ಕಲೆಸುವುದೇ ಆಯಿತು. ಪೇಂಟರು ಒಂದು ಹನಿ ಹಳದಿ ಹಾಕಿ "ಸಾಕಾ?" ಎನ್ನುವುದು, ರಾಯರು ಕಣ್ಣು ಮುಚ್ಚಿ ಬಾಟಲಿಯನ್ನು ನೆನೆದು "ಇನ್ನೊಂಚೂರು" ಎನ್ನುವುದು. ಒಂದು ಸಲ ನೆನೆಯುತ್ತ ಹಿಂದೆ ಸರಿದು ಬಕೆಟ್ಟಿಗೇ ಕಾಲಿಟ್ಟರು. ಐದು ಗಂಟೆಗೆ ಗೋಡೆ ಮುಗಿಯಿತು. ಬೀರು ಸರಿಸಲು ಆಗದೆ ಅದರ ಹಿಂದಿನ ಪಟ್ಟಿ ಮಾತ್ರ ಹಾಗೇ ಉಳಿಯಿತು.

ಆರಕ್ಕೆ ಅಳಿಯನ ಕಾರು ಬಂತು. ಬೆಳಗಿನ ಮೂವರೂ ಹಾಲ್‌ನಲ್ಲೇ ಇದ್ದರು. ಹೆಂಡತಿ ಕಪ್ಪು ಕನ್ನಡಕ ತೆಗೆದು ಒಳಗೆ ಕಾಲಿಟ್ಟವರು ಅಲ್ಲೇ ನಿಂತರು.

"ಏನ್ರೀ ಇದು, ಅರಿಶಿನ ಬಳಿದಂಗೆ?"

"ಇದ್ದ ಬಣ್ಣ" ಎಂದರು ರಾಯರು.

ಹೆಂಡತಿ ಬೀರುವಿನ ಹಿಂದೆ ಇಣುಕಿದರು. ಹಳೆಯ ಗೋಡೆ ಹಾಲಿನಂತೆ ಬೆಳ್ಳಗಿತ್ತು. "ಇದು ಬಿಳಿ. ಇದನ್ನ ನೋಡಿ ಅದನ್ನ ಹೊಡೆಸಿದ್ರಾ?"

"ನೀನೇ ಜೇನು ಅಂದೆಯಲ್ಲ..."

"ನಾನು ಏನೋ ನೆನಪಲ್ಲಿ ಅಂದೆ. ಗೋಡೆ ಮುಂದೆ ನಿಂತಿದ್ದೋರು ನೀವು."

"ಬೆಳಗ್ಗೆಯಿಂದ ನಾವೂ ಬಡ್ಕೊಂಡ್ವಿ ಅಮ್ಮ" ಎಂದರು ದರ್ಜಿ ಅಮ್ಮ. "ಅಣ್ಣನೇ 'ನನ್ನ ಕಣ್ಣಿಗೆ ಹಳದಿಯಾಗೇ ಕಾಣತ್ತೆ' ಅಂದ್ರು."

ಓವರ್ಸಿಯರು ತಲೆಯಾಡಿಸಿದರು. ಪೇಂಟರೂ ಆಡಿಸಿದರು.

ಹೆಂಡತಿಯ ಮುಖದ ಸಿಟ್ಟು ಇಳಿದುಹೋಯಿತು. ಹತ್ತಿರ ಬಂದು ಗಂಡನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. "ಪೊರೆ ಬಂದೋರಿಗೆ ಬಿಳಿಯೆಲ್ಲ ಹಳದಿಯಾಗಿ ಕಾಣತ್ತಂತೆ ರೀ. ವರ್ಷಗಟ್ಟಲೆ ಅವರಿಗೆ ಗೊತ್ತೇ ಆಗಲ್ಲ ಅಂದ್ರು ಡಾಕ್ಟ್ರು. ನನಗೆ ಯಾಕೆ ಹೇಳ್ಲಿಲ್ಲ?"

ರಾಯರು ಬಾಯಿ ತೆರೆದರು. ಹೆಂಡತಿಯ ಹೊಸ ಕಣ್ಣುಗಳಲ್ಲಿ ನೀರು ತುಂಬುತ್ತಿತ್ತು. ನೀರು ಬರಬಾರದೆಂದೂ ಡಾಕ್ಟರು ಹೇಳಿದ್ದರೇನೋ. ಬಾಯಿ ಮುಚ್ಚಿದರು.

"ಹೊರಟ್ಬಿಡ್ಬೇಡಪ್ಪ" ಎಂದು ಹೆಂಡತಿ ಅಳಿಯನನ್ನು ಕೂಗಿದರು. "ಇವರನ್ನ ಈಗಲೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗೋಣ." ಪೇಂಟರ ಕಡೆ ತಿರುಗಿ, "ನಾಳೆ ಬಿಳಿ ಹೊಡೀರಿ. ಇವರನ್ನ ಏನೂ ಕೇಳಬೇಡಿ" ಎಂದರು.

ನಂತರ ಗಂಡನ ತೋಳನ್ನು ಭದ್ರವಾಗಿ ಹಿಡಿದು ಬಾಗಿಲಿನವರೆಗೆ ನಡೆಸಿದರು.

"ಹೊಸ್ತಿಲು ಬಂತು. ನಿಧಾನ."

ರಾಯರು ಬೇಕಿದ್ದಕ್ಕಿಂತ ಒಂದು ಗೇಣು ಹೆಚ್ಚೇ ಕಾಲೆತ್ತಿ ದಾಟಿದರು.